ಒಗೆಯುವ ಕಲ್ಲಿನ ಮೇಲೆ ಹದಗೊಂಡ ಉಣ್ಣೆ ಬಟ್ಟಲು

ನಲವತ್ತು ನಿಮಿಷ ಬಿಸಿನೀರಿನಲ್ಲಿ ಅದ್ದಿ, ಸೋಪು ಹಚ್ಚಿ, ತೋಳು ಬಿದ್ದುಹೋಗುವಷ್ಟು ಉಜ್ಜಿದರೂ ನನ್ನ ಮೊದಲ ಬಟ್ಟಲು ಹೆಣೆದಾಗ ಎಷ್ಟಿತ್ತೋ ಅಷ್ಟೇ ಇತ್ತು. ಉಣ್ಣೆಯಲ್ಲಿ ಹೆಣೆದದ್ದನ್ನು ಹೀಗೆ ಉಜ್ಜಿ ಕುಗ್ಗಿಸಿ, ಕುಣಿಕೆ ಕಾಣದ ದಪ್ಪ ಬಟ್ಟೆ ಮಾಡುವುದಕ್ಕೆ ಫೆಲ್ಟ್ ಮಾಡುವುದು ಅನ್ನುತ್ತಾರೆ. ಇಲ್ಲಿ ಒಂದು ಕುಣಿಕೆಯೂ ಮುಚ್ಚಿಕೊಂಡಿರಲಿಲ್ಲ. ಇನ್ನಷ್ಟು ಚೊಕ್ಕಟವಾಗಿತ್ತು, ಅಷ್ಟೇ ಬಂದ ಭಾಗ್ಯ. ಆಮೇಲೆ ಹಟಕ್ಕೆ ಬಿದ್ದು ವಾಷಿಂಗ್ ಮೆಷಿನ್‌ಗೂ ಹಾಕಿ ನೋಡಿದೆ. ಅಲ್ಲಿಂದಲೂ ಹಾಗೇ ನಗುನಗುತ್ತಾ ಹೊರಬಂತು.

ಉಂಡೆಯ ಚೀಟಿಯ ಮೇಲೆ ದೊಡ್ಡಕ್ಷರದಲ್ಲಿ ‘ವುಲ್’ ಅಂತಿತ್ತು. ಅಂಗಡಿಯವರನ್ನು ಬೈಯುವ ಹಾಗೂ ಇಲ್ಲ. ನಮ್ಮ ಕಡೆ ಹೆಣೆಯುವ ದಾರ ಯಾವುದಾದರೂ ‘ಉಲ್ಲನ್’ ಅನ್ನುವುದೇ ರೂಢಿ. ಅದರಲ್ಲಿ ಮುಕ್ಕಾಲು ಪಾಲು ಅಕ್ರಿಲಿಕ್ ಅನ್ನುವ ಕೃತಕ ದಾರ. ಬಾಗಿಲ ತೋರಣಕ್ಕೆ, ಮಕ್ಕಳ ಟೋಪಿಗೆ ಅದು ಸಾಕು. ಫೆಲ್ಟ್ ಮಾಡಲಿಕ್ಕೆ ಮಾತ್ರ ಕುರಿಯ ಮೈಮೇಲಿಂದ ಬಂದದ್ದೇ ಬೇಕು.

ಆವತ್ತು ರಾತ್ರಿ ಮನೆಯಲ್ಲಿದ್ದ ಉಂಡೆಗಳನ್ನೆಲ್ಲ ಹಿತ್ತಿಲಿಗೆ ತಂದು ಒಂದೊಂದರಿಂದ ಬೆರಳುದ್ದ ದಾರ ಕತ್ತರಿಸಿ, ಚಿಮಟದಲ್ಲಿ ಹಿಡಿದು ದೀಪದ ಕುಡಿಗೆ ತಾಗಿಸಿದೆ. ಅಕ್ರಿಲಿಕ್ ಧಗ್ಗನೆ ಹತ್ತಿಕೊಂಡು, ಕರಗಿ, ತುದಿಯಲ್ಲಿ ಕಪ್ಪು ಮಣಿಯಾಗಿ ಗಟ್ಟಿಯಾಗುತ್ತದೆ. ಆರಿದ ಮೇಲೆ ಉಗುರಿನಲ್ಲಿ ಒತ್ತಿದರೂ ಪುಡಿಯಾಗುವುದಿಲ್ಲ. ನಿಜವಾದ ಉಣ್ಣೆ ಮನಸ್ಸಿಲ್ಲದ ಮನಸ್ಸಿನಿಂದ ಸುಡುತ್ತದೆ. ಬೆಂಕಿಯಿಂದ ಈಚೆಗೆ ತಂದರೆ ತಾನೇ ಆರಿಹೋಗುತ್ತದೆ. ಸುಟ್ಟ ಕೂದಲಿನ ವಾಸನೆ, ಮುಟ್ಟಿದರೆ ಉದುರುವ ಕರೀ ಬೂದಿ. ಏಳು ಉಂಡೆಗಳಲ್ಲಿ ಗೆದ್ದದ್ದು ಒಂದೇ: ಕುಲುವಿಗೆ ಹೋದಾಗ ತಂದಿದ್ದ, ಬಣ್ಣ ಹಾಕದ ಕಂದು ಉಣ್ಣೆಯ ನೂರು ಗ್ರಾಂ ಲಡಿ. ಕೈಯಲ್ಲಿ ನೂತ ದಾರ, ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳು. ನಡುನಡುವೆ ಹುಲ್ಲಿನ ಕಡ್ಡಿ ಬೇರೆ.

ನಿಜವಾದ ಉಣ್ಣೆಯಲ್ಲೂ ಒಂದು ಮೋಸವಿದೆ. ಚೀಟಿಯ ಮೇಲೆ ‘ಸೂಪರ್‌ವಾಶ್’ ಅಂತಲೋ, ಮೆಷಿನ್ನಿನಲ್ಲಿ ಒಗೆಯಬಹುದು ಅಂತಲೋ ಇದ್ದರೆ ಅದು ನೂರಕ್ಕೆ ನೂರು ಉಣ್ಣೆಯಾದರೂ ಬಟ್ಟಲಿಗೆ ಬರುವುದಿಲ್ಲ. ಉಣ್ಣೆಯ ಪ್ರತಿ ಎಳೆಯ ಮೇಲೂ ಹಂಚು ಹೊದಿಸಿದ ಹಾಗೆ ಸಣ್ಣ ಹೊಪ್ಪಳಿಕೆಗಳಿರುತ್ತವೆ, ಎಲ್ಲವೂ ತುದಿಯ ಕಡೆಗೆ ಮುಖ ಮಾಡಿಕೊಂಡು. ಹಾಗಾಗಿ ಎಳೆ ಬುಡದ ದಿಕ್ಕಿಗೆ ಸಲೀಸಾಗಿ ಜಾರುತ್ತದೆ, ವಾಪಸ್ಸು ಬರಹೋದರೆ ಪಕ್ಕದ ಎಳೆಯ ಹೊಪ್ಪಳಿಕೆಗೆ ಸಿಕ್ಕಿಕೊಳ್ಳುತ್ತದೆ. ರಾಗಿ ತೆನೆಯಲ್ಲ, ಗೋಧಿ ತೆನೆಯ ಮೀಸೆಯನ್ನು ತೋಳಿನೊಳಗೆ ಬಿಟ್ಟುಕೊಂಡು ಆಟವಾಡಿದವರಿಗೆ ಇದು ಗೊತ್ತು: ಕೈ ಆಡಿಸಿದಷ್ಟೂ ಮೇಲೇ ಏರುತ್ತದೆ, ಕೆಳಗೆ ಇಳಿಯುವ ಮಾತೇ ಇಲ್ಲ. ನೀರಿನ ಬಿಸಿಗೆ ಎಳೆ ಮೆದುವಾಗುತ್ತದೆ, ಸೋಪಿನ ಕ್ಷಾರಕ್ಕೆ ಹೊಪ್ಪಳಿಕೆ ಬಿಚ್ಚಿಕೊಳ್ಳುತ್ತದೆ, ಉಜ್ಜುವ ಕೈ ಎಳೆಗಳನ್ನು ಓಡಾಡಿಸುತ್ತದೆ. ಮೂರೂ ಸೇರಿದರೆ ತಿಂಗಳುಗಟ್ಟಲೆ ಬಾಚದ ತಲೆಯಂತೆ ಬಟ್ಟೆ ಜಡೆಗಟ್ಟುತ್ತದೆ. ಸೂಪರ್‌ವಾಶ್ ದಾರದಲ್ಲಿ ಕ್ಲೋರಿನ್ ಹಾಕಿ ಆ ಹೊಪ್ಪಳಿಕೆಗಳನ್ನೇ ಸವೆಸಿ, ಮೇಲೆ ಒಂದು ಲೇಪ ಕೊಟ್ಟಿರುತ್ತಾರೆ. ಸಿಕ್ಕಿಕೊಳ್ಳಲು ಅಲ್ಲೇನೂ ಉಳಿದಿರುವುದಿಲ್ಲ.

ದಾರ ಸಿಕ್ಕಿತು, ಕಡ್ಡಿ ಸಿಗಲಿಲ್ಲ. ಫೆಲ್ಟ್ ಆಗಬೇಕಾದ ಹೆಣಿಗೆ ಜಾಳುಜಾಳಾಗಿರಬೇಕು, ಎಳೆಗಳಿಗೆ ಓಡಾಡಲು ಜಾಗ ಬೇಕು. ನನಗೆ ಬೇಕಿದ್ದದ್ದು 7 ಮಿಲಿಮೀಟರ್ ದಪ್ಪದವು, ಅಂದರೆ ನಮ್ಮ ಅಂಗಡಿ ಲೆಕ್ಕದಲ್ಲಿ 2 ನಂಬರು. ಸಿಗುವುದು 8, 10, 12 ನಂಬರಿನ ಅಲ್ಯೂಮಿನಿಯಂ ಕಡ್ಡಿಗಳು. ಗೊತ್ತಿಲ್ಲದವರಿಗೆ ಹೇಳುವುದಾದರೆ ಈ ನಂಬರು ಉಲ್ಟಾ: ಹೆಚ್ಚಾದಷ್ಟೂ ಕಡ್ಡಿ ತೆಳ್ಳಗೆ. 8 ಅಂದರೆ 4 ಮಿಲಿಮೀಟರ್, 10 ಅಂದರೆ 3.25.

ಮನೆಯಲ್ಲಿ ಒಡೆದ ಬಿದಿರಿನ ಏಣಿಯ ತುಂಡೊಂದು ಬಿದ್ದಿತ್ತು. ಸೀಳಿ, ಮಚ್ಚಿನಲ್ಲಿ ಕೆತ್ತಿ, ಇಪ್ಪತ್ತು ಸೆಂಟಿಮೀಟರ್ ಉದ್ದದ ನಾಲ್ಕು ಕಡ್ಡಿ ಮಾಡಿದೆ, ಎರಡೂ ತುದಿ ಚೂಪು. ದಪ್ಪ ಒಂದೇ ಸಮ ಇರಲಿ ಅಂತ ಒಂದು ಹಲಗೆ ಚೂರಿಗೆ 7 ಮಿಲಿಮೀಟರ್ ಬಿಟ್‌ನಲ್ಲಿ ತೂತು ಕೊರೆದು, ಕಡ್ಡಿ ಅದರೊಳಗೆ ಬಿಗಿಯಾಗಿ ತೂರುವ ತನಕ ಮರಳು ಕಾಗದದಲ್ಲಿ ತಿಕ್ಕಿದೆ. ಮೊದಲು ಒರಟಾದ 80ರದ್ದು, ಆಮೇಲೆ ನುಣುಪಾದ 220, ಕೊನೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ. ಉಗುರಿಗೆ ಸಿಗುವ ಒಂದು ಸಿಬರು ಉಳಿದರೂ ದಾರ ಅಲ್ಲೇ ತಗುಲಿಕೊಳ್ಳುತ್ತದೆ, ಆ ಕೆಲಸದಲ್ಲಿ ಸೋಮಾರಿತನ ಬೇಡ. ಇಡೀ ಬಟ್ಟಲು ಹೆಣೆದದ್ದಕ್ಕಿಂತ ಕಡ್ಡಿಗೇ ಹೆಚ್ಚು ಹೊತ್ತು ಹೋಯಿತು, ನಿಜ ಹೇಳಬೇಕೆಂದರೆ.

ಈ ಸಲ ನೇರವಾಗಿ ಬಟ್ಟಲಿಗೆ ಕೈ ಹಾಕಲಿಲ್ಲ. ದಾರವನ್ನು ಎರಡೆಳೆ ಮಾಡಿಕೊಂಡು 24 ಕುಣಿಕೆ ಏರಿಸಿ, 32 ಸಾಲಿನ ಒಂದು ಚೌಕ ಹೆಣೆದೆ. ಅಳತೆ ಸರಿಯಾಗಿ 20 ಸೆಂಟಿಮೀಟರ್ ಅಗಲ, 20 ಎತ್ತರ. ಬಿಸಿನೀರಿನಲ್ಲಿ ಉಜ್ಜಿ ಒಣಗಿಸಿದ ಮೇಲೆ ಅಗಲ ಹದಿನೈದೂವರೆ, ಎತ್ತರ ಹದಿಮೂರು. ಅಗಲಕ್ಕಿಂತ ಎತ್ತರವೇ ಹೆಚ್ಚು ಕುಗ್ಗುತ್ತದೆ ಅನ್ನುವುದು ಇಲ್ಲಿ ಕಣ್ಣಾರೆ ಕಂಡಿತು. ಇದನ್ನು ನೋಡದೆ ಹೆಣೆದರೆ ಬಟ್ಟಲಾಗಬೇಕಾದದ್ದು ತಟ್ಟೆಯಾಗಿ ಕೂರುತ್ತದೆ. ಚೌಕಕ್ಕೆ 20 ಗ್ರಾಂ ಹೋಯಿತು. ದಂಡ ಅನ್ನಿಸಲಿಲ್ಲ, ಅದು ಈಗ ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆ.

ಲೆಕ್ಕ ಹೀಗೆ. ಹತ್ತು ಸೆಂಟಿಮೀಟರಿಗೆ 12 ಕುಣಿಕೆ. 48 ಕುಣಿಕೆ ಏರಿಸಿದರೆ ಸುತ್ತಳತೆ 40, ಕುಗ್ಗಿ 31, ಅಂದರೆ ಬಾಯಿ ಹತ್ತಿರ ಹತ್ತಿರ ಹತ್ತು ಸೆಂಟಿಮೀಟರ್. ಮೂರು ಕಡ್ಡಿಗಳಿಗೆ ಹದಿನಾರು ಹದಿನಾರರಂತೆ ಹಂಚಿ, ನಾಲ್ಕನೆಯದರಲ್ಲಿ ಸುತ್ತು ಹೆಣೆಯುವುದು. ಬಾಯಿಯಿಂದ ಶುರು, ತಳದಲ್ಲಿ ಮುಗಿತಾಯ. ಸುತ್ತಿ ಹೆಣೆಯುವುದರಿಂದ ಉಲ್ಟಾ ಸಾಲಿನ, ಅಂದರೆ ಕುಣಿಕೆಯ ಗಂಟು ಮುಂದೆ ಬರುವ ಸಾಲಿನ, ಗೊಡವೆ ಇಲ್ಲ, ಒಂದು ಸುತ್ತು ಬಿಟ್ಟು ಎಲ್ಲ ಸೀದಾ. ಮೊದಲ ಸುತ್ತಿನಲ್ಲಿ ಏರಿಸಿದ ಅಂಚು ಕಡ್ಡಿಗೆ ತಿರುಚಿಕೊಂಡಿಲ್ಲ ಅಂತ ಎರಡೆರಡು ಸಲ ನೋಡಿಕೊಳ್ಳಿ. ತಿರುಚಿದ್ದರೆ ಬಿಚ್ಚುವುದೊಂದೇ ದಾರಿ.

ಬರೀ ಕಂದು ಬಣ್ಣ ಬೇಸರ ಅನ್ನಿಸಿ ಬಾಯಿಯ ಮೂರು ಸುತ್ತನ್ನು ಬಿಳಿ ದಾರದಲ್ಲಿ ಹಾಕಿದೆ. ಟ್ರಂಕಿನ ತಳದಲ್ಲಿ ಸಿಕ್ಕ ತುಂಡು ಉಂಡೆ, ಚೀಟಿ ಇರಲಿಲ್ಲ, ಮುಟ್ಟಿದರೆ ಥೇಟ್ ಉಣ್ಣೆ. ಅಷ್ಟೆಲ್ಲ ದಾರ ಸುಟ್ಟು ನೋಡಿದವಳು ಇದೊಂದನ್ನು ಸುಡಲಿಲ್ಲ. ನೆನಪಿರಲಿ, ಇದರ ಕಥೆ ಮುಂದಿದೆ.

ಬಿಳಿ ಮೂರು ಸುತ್ತು, ಕಂದು ಹದಿನೆಂಟು ಸುತ್ತು. ಆಮೇಲೆ ಒಂದು ಸುತ್ತು ಪೂರಾ ಉಲ್ಟಾ. ಗೋಡೆ ಮುಗಿದು ತಳ ತಿರುಗುವ ಕಡೆ ಇದರಿಂದ ಒಂದು ಏಣು ಬರುತ್ತದೆ, ಬಟ್ಟಲು ಉರುಳದೆ ಕೂರುತ್ತದೆ. ತಳಕ್ಕೆ ಆರು ಪಾಲು: ಆರು ಕುಣಿಕೆ ಸೀದಾ, ಮುಂದಿನ ಎರಡನ್ನು ಸೇರಿಸಿ ಒಂದು, ಹೀಗೆ ಸುತ್ತೆಲ್ಲ ಮಾಡಿದರೆ 48 ಹೋಗಿ 42. ಒಂದು ಸುತ್ತು ಬರೀ ಸೀದಾ. ಮತ್ತೆ ಐದು ಸೀದಾ, ಎರಡು ಸೇರಿಸಿ ಒಂದು, 36. ಒಂದು ಸೀದಾ ಸುತ್ತು. ಮತ್ತೆ ಇಳಿಸಿ 30, ಮತ್ತೊಂದು ಸೀದಾ. ಅಲ್ಲಿಂದಾಚೆಗೆ ಪ್ರತಿ ಸುತ್ತಲ್ಲೂ ಆರಾರು ಇಳಿಸುತ್ತಾ 24, 18, 12, 6. ದಾರ ಕತ್ತರಿಸಿ, ಗೋಣಿ ಸೂಜಿಗೆ ಪೋಣಿಸಿ, ಉಳಿದ ಆರು ಕುಣಿಕೆಯೊಳಗೆ ತೂರಿಸಿ ಹೂವಿನ ಮೊಗ್ಗಿನ ಹಾಗೆ ಬಿಗಿದುಬಿಡುವುದು.

ಕೈಗೆ ಬಂದದ್ದು ಸಣ್ಣ ಮಗುವಿನ ತಲೆಗೂ ಸಾಲದ, ಒಡ್ಡೊಡ್ಡಾದ ಟೋಪಿ. ಬೆಳಕಿಗೆ ಹಿಡಿದರೆ ಜರಡಿ. ತೂಕ 34 ಗ್ರಾಂ.

ಈಗ ಒಗೆತ. ನಮ್ಮ ಮೆಷಿನ್ನು ಮುಂದೆ ಬಾಗಿಲಿರುವಂಥದ್ದು. ಒಮ್ಮೆ ತಿರುಗಲು ಶುರುವಾದರೆ ಅದಾಗಿ ತೆರೆಯುವ ತನಕ ಕಾಯಬೇಕು. ಫೆಲ್ಟ್ ಕೆಲಸದಲ್ಲಿ ಐದೈದು ನಿಮಿಷಕ್ಕೆ ಕೈಗೆತ್ತಿಕೊಂಡು ನೋಡದಿದ್ದರೆ ಆಗುವುದಿಲ್ಲ. ಯಾಕೆಂದರೆ ಕಡಿಮೆ ಕುಗ್ಗಿದ್ದನ್ನು ಇನ್ನಷ್ಟು ಕುಗ್ಗಿಸಬಹುದು, ಹೆಚ್ಚು ಕುಗ್ಗಿದ್ದನ್ನು ಬ್ರಹ್ಮ ಬಂದರೂ ಹಿಗ್ಗಿಸಲಾರ. ಅದಕ್ಕೇ ಹಿತ್ತಿಲ ಒಗೆಯುವ ಕಲ್ಲಿನ ಹತ್ತಿರ ಹೋದೆ. ಎರಡು ಬಕೆಟ್: ಒಂದರಲ್ಲಿ ಕೈ ತಾಳದಷ್ಟು ಬಿಸಿ, ಥರ್ಮಾಮೀಟರ್ ಇಟ್ಟರೆ 60 ಡಿಗ್ರಿ; ಇನ್ನೊಂದರಲ್ಲಿ ಆಷಾಢದ ಮೈಸೂರಿನ ನಲ್ಲಿ ನೀರು. ಒಂದು ಬಿಲ್ಲೆ 501 ಬಾರ್ ಸೋಪು, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು.

ಮೊದಲ ಐದು ನಿಮಿಷ ಹೆದರಿಕೆಯೇ ಆಯಿತು. ಒದ್ದೆ ಉಣ್ಣೆ ಕುಗ್ಗುವ ಬದಲು ಜೋತುಬಿದ್ದು ಇನ್ನೂ ದೊಡ್ಡದಾಯಿತು, ನೆನೆದ ಅವಲಕ್ಕಿ ಚೀಲದ ಹಾಗೆ. ಜೊತೆಗೆ ಹಿತ್ತಿಲೆಲ್ಲ ಕುರಿದೊಡ್ಡಿಯ ವಾಸನೆ. ನಾನು ಅದನ್ನು ಕಲ್ಲಿಗೆ ಕುಕ್ಕುತ್ತಿದ್ದೆ. ಸದ್ದು ಕೇಳಿ ಅಮ್ಮ ಬಂದರು.

“ಅಲ್ಲ ಕಣೇ, ವಾರಗಟ್ಲೆ ಕೂತು ಹೆಣೆದಿದ್ದನ್ನ ಹೀಗೆ ಕಲ್ಲಿಗೆ ಹಾಕಿ ಕುಕ್ತಿದೀಯಲ್ಲ, ಏನಾಗಿದೆ ನಿಂಗೆ?”

“ಕುಗ್ಗಬೇಕಮ್ಮ ಇದು.”

“ಕುಗ್ಗೋದಕ್ಕೆ ಕುಕ್ಕೋದಾ? ನಿಮ್ಮಪ್ಪನ ಕುಲು ಸ್ವೆಟರು ನಾನು ಯಾವತ್ತಾದ್ರೂ ಕುಕ್ಕಿದ್ನಾ? ಶರ್ಟಿನ ಕಾಲರ್ ಉಜ್ಜೋ ಹಾಗೆ ಉಜ್ಜಿದೆ, ಅಷ್ಟೇ. ಗೇಣುದ್ದ ಆಗಿ ಕೂತ್ಕೊಳ್ತು.”

ಇಪ್ಪತ್ತು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ಎತ್ತದ ಸ್ವೆಟರಿನ ವಿಷಯ ಹೀಗೆ ಹೊರಬಿತ್ತು. ಆದರೆ ಅಮ್ಮ ಹೇಳಿದ್ದು ಸರಿ. ಕುಕ್ಕಿದರೆ ನೀರು ಹೋಗುತ್ತದೆ, ಎಳೆ ಓಡಾಡುವುದಿಲ್ಲ. ಗೋಡೆಯ ಎರಡು ಪದರವನ್ನು ಒಂದರ ಮೇಲೊಂದು ಇಟ್ಟು, ಅಂಗೈಯಲ್ಲಿ ಒತ್ತಿ, ಕಲ್ಲಿನ ಗೀರುಗಳ ಮೇಲೆ ಮುಂದಕ್ಕೂ ಹಿಂದಕ್ಕೂ ಸಣ್ಣ ಸಣ್ಣದಾಗಿ ಉಜ್ಜಬೇಕು, ಕಾಲರಿನ ಕೊಳೆ ಬಿಡಿಸುವ ಹಾಗೆಯೇ. ಹತ್ತು ಸಲ ಉಜ್ಜಿ ಸ್ವಲ್ಪ ತಿರುಗಿಸುವುದು, ಮತ್ತೆ ಹತ್ತು ಸಲ. ಒಂದು ಸುತ್ತು ಮುಗಿದರೆ ಒಳಗಿನದನ್ನು ಹೊರಗೆ ಮಗುಚಿ ಅದೇ ಕೆಲಸ. ಪ್ರತಿ ಐದು ನಿಮಿಷಕ್ಕೆ ಬಿಸಿ ಬಕೆಟ್ಟಿನಲ್ಲಿ ಅದ್ದಿ, ತಣ್ಣೀರಿಗೆ ಹಾಕಿ, ಮತ್ತೆ ಬಿಸಿಗೆ. ಸೋಪು ಜಾಸ್ತಿಯಾದರೆ ನೊರೆಯ ಮೇಲೆ ಕೈ ಜಾರುತ್ತದೆ, ಉಜ್ಜಿದ್ದು ವ್ಯರ್ಥ. ಅಂಗೈಗೆ ನುಣುಪು ಹತ್ತಿದರೆ ಸಾಕು.

ಹದಿನೈದನೇ ನಿಮಿಷಕ್ಕೆ ಬಟ್ಟೆ ಬೆರಳಿಗೆ ಬೇರೆ ಥರ ಸಿಗತೊಡಗಿತು. ಜೋಲು ಹೋಗಿ ಒಂದು ಬಿಗಿ. ಇದೇ ಹೊತ್ತಿಗೆ ಒಳಗೋಡೆಗಳು ಒಂದಕ್ಕೊಂದು ಕಚ್ಚಿಕೊಳ್ಳಲು ಶುರುಮಾಡುತ್ತವೆ. ಬಿಡಿಸದೆ ಉಜ್ಜುತ್ತಾ ಹೋದರೆ ಬಟ್ಟಲಿನ ಬಾಯೇ ಮುಚ್ಚಿಹೋಗುತ್ತದೆ. ನಾನು ಒಮ್ಮೆ ಮೈಮರೆತು, ಬಿಡಿಸುವಾಗ ಹಸಿ ಹಲಸಿನ ತೊಳೆ ಬಿಡಿಸಿದ ಹಾಗೆ ಪರಪರ ಸದ್ದು ಬಂತು. ಒಳಗೆ ಒಂದಿಷ್ಟು ಜಾಗ ಈಗಲೂ ಗುಂಜುಗುಂಜಾಗಿದೆ. ಇಪ್ಪತ್ತೈದಕ್ಕೆ ಕುಣಿಕೆಗಳ ಗೆರೆ ಮಸುಕಾಯಿತು. ಮೂವತ್ತೈದಕ್ಕೆ, ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಂತಾಯಿತು. ನಲವತ್ತಕ್ಕೆ ಕಾಣಲೇ ಇಲ್ಲ. ಬೆಳಕಿಗೆ ಹಿಡಿದೆ, ಒಂದು ತೂತಿಲ್ಲ. ಗೋಡೆ ಅರ್ಧ ಸೆಂಟಿಮೀಟರ್ ದಪ್ಪ.

ಬಿಳಿ ಅಂಚೊಂದು ಬಿಟ್ಟು.

ಕೆಳಗಿನ ಕಂದು ಭಾಗ 31 ಸೆಂಟಿಮೀಟರಿಗೆ ಇಳಿದಿತ್ತು, ಮೇಲಿನ ಬಿಳಿ ಮೂರು ಸುತ್ತು ಹೆಚ್ಚುಕಡಿಮೆ ಮೊದಲಿನಷ್ಟೇ ಅಗಲ ಉಳಿದಿತ್ತು. ಉಳಿಯಲು ಜಾಗವಿಲ್ಲದೆ ಅದು ನೆರಿಗೆ ನೆರಿಗೆಯಾಗಿ ಹೊರಕ್ಕೆ ಬಾಗಿ, ಬಟ್ಟಲಿಗೆ ಯಾರೋ ಲಂಗ ತೊಡಿಸಿ ತಲೆಕೆಳಗೆ ಮಾಡಿದ ಹಾಗೆ ಕಾಣುತ್ತಿತ್ತು. ಉಳಿದ ಬಿಳಿ ದಾರದ ತುಂಡನ್ನು ಈಗ ಸುಟ್ಟು ನೋಡಿದೆ. ಕೂದಲಿನ ವಾಸನೆಯೂ ಬಂತು, ತುದಿಯಲ್ಲಿ ಗಟ್ಟಿ ಮಣಿಯೂ ಆಯಿತು. ಉಣ್ಣೆಗೆ ಅಕ್ರಿಲಿಕ್ ಬೆರೆಸಿದ ದಾರ.

ಬೇರೆ ಹೆಣಿಗೆಯಾಗಿದ್ದರೆ ಪೂರ್ತಿ ಬಿಚ್ಚಬೇಕಿತ್ತು. ಇಲ್ಲಿ ಬಿಚ್ಚುವಂತೆಯೇ ಇಲ್ಲ, ಎಳೆಗಳೆಲ್ಲ ಒಂದಾಗಿಬಿಟ್ಟಿವೆ. ಆದರೆ ಅದೇ ಕಾರಣಕ್ಕೆ ಇನ್ನೊಂದು ದಾರಿ ತೆರೆದಿತ್ತು: ಕತ್ತರಿ. ಸರಿಯಾಗಿ ಜಡೆಗಟ್ಟಿದ ಉಣ್ಣೆಯನ್ನು ಎಲ್ಲಿ ಕತ್ತರಿಸಿದರೂ ದಾರ ಕೀಳುವುದಿಲ್ಲ, ಅಂಚು ಮಡಿಸಿ ಹೊಲಿಯುವ ಕೆಲಸವೂ ಇಲ್ಲ. ಓದಿ ಗೊತ್ತಿತ್ತು, ಕೈ ಮಾತ್ರ ನಂಬಲಿಲ್ಲ. ಮೊದಲು ಪರೀಕ್ಷೆಯ ಚೌಕದ ಮೂಲೆ ಕತ್ತರಿಸಿ, ಉಗುರಿನಲ್ಲಿ ಕೆದಕಿ, ಎಳೆದು ನೋಡಿದೆ. ಒಂದೆಳೆಯೂ ಬರಲಿಲ್ಲ. ಬಟ್ಟಲಿನೊಳಗೆ ಒಂಬತ್ತು ಸೆಂಟಿಮೀಟರ್ ಅಗಲದ ಸ್ಟೀಲಿನ ಕಾಫಿಪುಡಿ ಡಬ್ಬಿ ಇಳಿಸಿ, ಬಿಳಿಯಿಂದ ಒಂದು ಬೆರಳಗಲ ಕೆಳಗೆ ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದೆ. ಡಬ್ಬಿ ತೆಗೆದು ಅಮ್ಮನ ಬಟ್ಟೆ ಕತ್ತರಿಯನ್ನು ಇಟ್ಟೆ. “ಅಯ್ಯೋ, ಅಯ್ಯೋ” ಅಂತ ಅವರು ಒಳಗೆ ಹೋಗಿಬಿಟ್ಟರು, ನೋಡಲಾರೆ ಅಂತ.

ಕತ್ತರಿಸುವಾಗ ಹಳೇ ಚಪ್ಪಲಿಯ ಅಟ್ಟೆ ಕತ್ತರಿಸಿದ ಹಾಗೆ ಭಾರವಾಗಿ ಹೋಗುತ್ತದೆ. ಕತ್ತರಿಯನ್ನು ಪೂರ್ತಿ ಮುಚ್ಚದೆ, ಬಾಯಿಯ ಬುಡದಲ್ಲೇ ಕಚ್ಚಿಸುತ್ತಾ, ಬಟ್ಟಲನ್ನು ತಿರುಗಿಸುತ್ತಾ ಹೋದರೆ ಮೆಟ್ಟಿಲು ಬೀಳುವುದಿಲ್ಲ. ಕತ್ತರಿಸಿದ ಅಂಚು ತೀರ ಚೂಪಾಗಿ, ಅಂಗಡಿಯ ಮಾಲಿನ ಹಾಗೆ ಕಂಡಿತು. ಅದನ್ನು ಮತ್ತೆ ಬಿಸಿ ಸೋಪಿನ ನೀರಿನಲ್ಲಿ ಅದ್ದಿ, ಹೆಬ್ಬೆರಳು ತೋರುಬೆರಳಿನ ಮಧ್ಯೆ ಹತ್ತು ನಿಮಿಷ ತಿಕ್ಕಿದ ಮೇಲೆ ಅಂಚು ದುಂಡಗಾಗಿ ರೊಟ್ಟಿಯ ಅಂಚಿನಂತಾಯಿತು.

ಸೋಪು ಪೂರ್ತಿ ಹೋಗುವ ತನಕ ಜಾಲಿಸಿ, ಕಡೆಯ ನೀರಿಗೆ ಒಂದು ಚಮಚ ವಿನಿಗರ್. ಉಳಿದ ಕ್ಷಾರ ಉಣ್ಣೆಗೆ ಒಳ್ಳೆಯದಲ್ಲ, ಹುಳಿ ಅದನ್ನು ಮುರಿಯುತ್ತದೆ. ಹಿಂಡಬಾರದು, ಹಿಂಡಿದ ಗುರುತು ಹಾಗೇ ಉಳಿಯುತ್ತದೆ. ಟವೆಲಿನಲ್ಲಿ ಸುತ್ತಿ ಮೇಲೆ ನಿಂತೆ. ಮತ್ತೆ ಅದೇ ಡಬ್ಬಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಒಳಗಿಟ್ಟು, ಏಣನ್ನು ಬೆರಳಲ್ಲಿ ತಿದ್ದಿ, ಫ್ಯಾನಿನ ಕೆಳಗೆ. ಒಂದು ದಿನಕ್ಕೆ ಹೊರಗೋಡೆ ಒಣಗಿ ಆಕಾರ ನಿಂತಿತು. ಡಬ್ಬಿ ತೆಗೆದು ಒಳಗಡೆ ಒಣಗಲು ಮತ್ತೆರಡು ದಿನ. ಅಗಲ 9.9, ಎತ್ತರ ಆರೂವರೆ.

ಇಲ್ಲಿಗೆ ಸುಮ್ಮನಿದ್ದರೆ ಆಗಿತ್ತು. ಇನ್ನೂ ಸ್ವಲ್ಪ ಗಟ್ಟಿಯಾಗಿ ನಿಲ್ಲಲಿ ಅನ್ನುವ ಆಸೆ. ಚಳ್ಳಕೆರೆ ಕಡೆ ಕಂಬಳಿ ನೇಯುವವರು ಹಾಸಿನ, ಅಂದರೆ ಉದ್ದಕ್ಕೆ ಹಾಯುವ ಎಳೆಗಳಿಗೆ ಹುಣಸೆ ಬೀಜದ ಸರಿ, ಅಂದರೆ ಗಂಜಿಯಂಥ ಅಂಟು, ಹಚ್ಚುತ್ತಾರೆ, ಮಗ್ಗದಲ್ಲಿ ದಾರ ಹರಿಯದಿರಲಿ ಅಂತ. ನಮ್ಮ ತಾತನ ಕಂಬಳಿ ಹೊಸದರಲ್ಲಿ ಹಲಗೆಯ ಹಾಗೆ ನಿಲ್ಲುತ್ತಿತ್ತು ಅಂತ ಅಮ್ಮ ಹೇಳುವುದು ಅದಕ್ಕೇ. ನಾನೂ ಒಂದು ಹಿಡಿ ಬೀಜ ಹುರಿದು, ಕೆಂಪು ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ರುಬ್ಬಿ, ಗಂಜಿ ಹದಕ್ಕೆ ಕಾಯಿಸಿ, ಬಟ್ಟಲಿನ ಒಳಗೆ ಬ್ರಷ್ಷಿನಲ್ಲಿ ತೆಳ್ಳಗೆ ಬಳಿದೆ. ಒಣಗಿದ ಮೇಲೆ ಬೆರಳಲ್ಲಿ ಚಿಮ್ಮಿದರೆ ಟಕ್ ಅನ್ನುವಷ್ಟು ಗಟ್ಟಿ. ನಾಲ್ಕು ದಿನ ಮನೆಗೆ ಬಂದವರಿಗೆಲ್ಲ ಚಿಮ್ಮಿ ತೋರಿಸಿದ್ದೇ ತೋರಿಸಿದ್ದು. ಒಂಬತ್ತನೇ ದಿನ ಒಳಗೆ ಬೂದಿ ಬಣ್ಣದ ಚುಕ್ಕೆ, ಮೂಗಿಗೆ ಹಳೇ ಇಡ್ಲಿ ಹಿಟ್ಟಿನ ವಾಸನೆ. ಬೂಷ್ಟು. ಮಗ್ಗದ ಮೇಲೆ ಎಳೆಗೆ ಹಚ್ಚುವ ಸರಿಯನ್ನು ಜಡಿಮಳೆ ಕಾಲದಲ್ಲಿ ದಪ್ಪ ಫೆಲ್ಟಿಗೆ ಬಳಿದವಳಿಗೆ ಇನ್ನೇನಾಗಬೇಕು! ಉಗುರುಬೆಚ್ಚಗಿನ ನೀರಲ್ಲಿ ಮೂರು ಸಲ ತೊಳೆದು ಬಿಸಿಲು ಬಂದ ದಿನ ಒಣಗಿಸಿದೆ. ಆ ತೊಳೆಯಾಟದಲ್ಲಿ ಇನ್ನೊಂದಿಷ್ಟು ಕುಗ್ಗಿ 9.6ಕ್ಕೆ ಬಂತು. ಹುಣಸೆ ಬೀಜದ ಸರಿ ಇಲ್ಲದೆಯೂ ನಿಲ್ಲುತ್ತದೆ. ನುಸಿ ಬರದಂತೆ ಒಳಗೊಂದು ಬಜೆ ಬೇರಿನ ತುಂಡು ಹಾಕಿ, ಪುಸ್ತಕದ ಕಪಾಟಿನಲ್ಲಿ ಇಟ್ಟಿದ್ದೇನೆ.

ಕತ್ತರಿಸಿ ಬಿಸಾಕಿದ್ದ ಅಂಚನ್ನು ಅಮ್ಮ ಕಸದ ಬುಟ್ಟಿಯಿಂದ ಎತ್ತಿಕೊಂಡಿದ್ದರು. ಕೆಳಗೆ ದಪ್ಪ ಕಂದು ಬಳೆ, ಮೇಲೆ ಬಿಳಿ ನೆರಿಗೆ. ಪೂಜೆಯ ಹಿತ್ತಾಳೆ ಚೊಂಬಿಗೆ ತಳ ದುಂಡಗೆ, ಎಲ್ಲಿಟ್ಟರೂ ವಾಲುತ್ತದೆ. ಈಗ ಅದಕ್ಕೆ ಇದೇ ಸಿಂಬಿ. ಶುಕ್ರವಾರ ಅರಿಸಿನ ಕುಂಕುಮಕ್ಕೆ ಬಂದವರು ಕಪಾಟಿನ ಬಟ್ಟಲನ್ನು ಯಾರೂ ನೋಡಲಿಲ್ಲ. ಪಕ್ಕದ ಮನೆಯವರು ಸಿಂಬಿಯನ್ನು ಮುಟ್ಟಿ, ನೆರಿಗೆ ಎಣಿಸಿ, “ಇದೊಂದು ನಮಗೂ ಮಾಡಿಕೊಡ್ತೀರಾ?” ಅಂತ ಕೇಳಿದರು. ಟ್ರಂಕಿನಲ್ಲಿ ಇನ್ನೂ ಆ ಬಿಳಿ ದಾರ ಸ್ವಲ್ಪ ಇದೆ.